ಬೆಂಕಿ ಬಿದ್ದ ಮನೆ: ಅರಮನೆಯಿಂದ ಹೊಗೆಸೊಪ್ಪಿನ ಬ್ಯಾರನ್‌ವರೆಗೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ತಾಲ್ಲೂಕುಗಳ ಯಾವ ಸ್ಟ್ರಿಂಗರ್‌ನನ್ನು ಕೇಳಿದರೂ ಬೆಂಕಿಯ ಸುದ್ದಿಗೊಂದು ಅಚ್ಚು ಇದೆ ಎನ್ನುತ್ತಾರೆ. ಮೊದಲ ಸಾಲಿನಲ್ಲಿ ಶಾರ್ಟ್ ಸರ್ಕ್ಯೂಟ್ ಅಥವಾ ಒಲೆಯ ಕಿಡಿ. ಎರಡನೆಯ ಸಾಲಿನಲ್ಲಿ ಸುಟ್ಟುಹೋದ ದವಸ, ಬಟ್ಟೆ, ಟಿ.ವಿ., ಒಡವೆ, ದಾಖಲೆ ಪತ್ರ. ಮೂರನೆಯದರಲ್ಲಿ ‘ಅಗ್ನಿಶಾಮಕ ದಳದವರು ಬರುವಷ್ಟರಲ್ಲಿ’. ಕೊನೆಗೆ ಕಂದಾಯ ಇಲಾಖೆಯವರ ಭೇಟಿ, ಪರಿಹಾರಕ್ಕೆ ಗ್ರಾಮಸ್ಥರ ಒತ್ತಾಯ. ನೂರು ಪದಕ್ಕೆ ಸುದ್ದಿ ಮುಗಿಯುತ್ತದೆ.

ಆದರೆ ಇಡೀ ಕತೆ ಇರುವುದು ಆ ‘ಬರುವಷ್ಟರಲ್ಲಿ’ ಎಂಬ ಪದದೊಳಗೆ. ಗಾವಡಗೆರೆ ಹೋಬಳಿ ಕೇಂದ್ರ. ಪಹಣಿಗೆ ನಾಡಕಚೇರಿ ಉಂಟು. ಬೆಂಕಿ ಆರಿಸುವ ಗಾಡಿ ಮಾತ್ರ ತಾಲ್ಲೂಕು ಕೇಂದ್ರದಿಂದಲೇ ಬರಬೇಕು. ಹೋಬಳಿಯ ಒಳಗಿನ ಹಳ್ಳಿಗಳಿಗೆ ಇನ್ನೂ ದೂರ. ಅಲ್ಲಿಯವರೆಗೆ ಮನೆಯವರು ಏನು ಮಾಡಬೇಕು? ನಮ್ಮ ಸೀಮೆ ಈ ಪ್ರಶ್ನೆಗೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಕಂಡುಕೊಂಡಿತ್ತು. ಕೆಲವು ಉತ್ತರಗಳು ಈಗಲೂ ನಡೆಯುತ್ತವೆ, ಕೆಲವು ಕಳೆದುಹೋಗಿವೆ. ಅದರ ಚರಿತ್ರೆಯನ್ನು ಒಮ್ಮೆ ನೋಡೋಣ.

ಗಳ, ಹುಲ್ಲು, ಹಗೇವು

ಉರಿಯುವ ಮನೆಯಲ್ಲಿ ಗಳ ಹಿರಿದರು ಎಂಬ ಗಾದೆ ಎಲ್ಲರಿಗೂ ಗೊತ್ತು. ಇನ್ನೊಬ್ಬರ ಕಷ್ಟದಲ್ಲಿ ಲಾಭ ಮಾಡಿಕೊಳ್ಳುವವರ ಮೇಲೆ ಹೇಳುವ ಮಾತು. ಗಾದೆಯ ನೀತಿಯನ್ನು ಬದಿಗಿಟ್ಟು ಅದರೊಳಗಿನ ಮನೆಯನ್ನು ನೋಡಿ. ಗಳ ಹಿರಿಯಲು ಬರುವ ಮನೆ ಅದು. ಬಿದಿರಿನ ಗಳ, ಮೇಲೆ ಹುಲ್ಲು ಅಥವಾ ಸೋಗೆ, ಮಣ್ಣಿನ ಗೋಡೆ. ಒಂದು ಮನೆಗೆ ಕಿಡಿ ತಗುಲಿದರೆ ಗಾಳಿ ಬೀಸಿದ ಕಡೆಗೆ ಸಾಲು ಮನೆಗಳು ಹೋಗುತ್ತಿದ್ದವು. ‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ’ ಎಂಬ ಇನ್ನೊಂದು ಗಾದೆಯೂ ಆ ಕಾಲದ್ದೇ. ಆಗ ಊರಿಗೆ ಇದ್ದದ್ದು ಕೆರೆ, ಬಾವಿ, ಕೊಡ ಮತ್ತು ಕೈ.

ಹುಲ್ಲಿನ ಮನೆ ಉಳಿಯುವುದಿಲ್ಲ ಎಂಬುದು ಹಳಬರಿಗೆ ತಿಳಿದಿತ್ತು. ಆದ್ದರಿಂದ ಅವರು ಉಳಿಸಬೇಕಾದ್ದನ್ನು ಬೇರೆ ಕಡೆ ಇಟ್ಟರು. ರಾಗಿಯನ್ನು ಹಗೇವಿನಲ್ಲಿ, ಎಂದರೆ ನೆಲದೊಳಗಿನ ಕಣಜದಲ್ಲಿ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಇಲಿ, ಕಳ್ಳರ ಕಾಟ ತಪ್ಪಿಸಲು ಹಗೇವು ಎಂದು ನಾವು ಓದಿದ್ದೇವೆ. ಮೇಲಿನ ಮನೆ ಪೂರ್ತಿ ಸುಟ್ಟರೂ ಕೆಳಗಿನ ರಾಗಿಗೆ ಏನೂ ಆಗುತ್ತಿರಲಿಲ್ಲ ಎಂಬುದನ್ನೂ ಆ ಲೆಕ್ಕಕ್ಕೆ ಸೇರಿಸಬೇಕು. ಹುಲ್ಲಿನ ಮೆದೆಯನ್ನು ವಾಸದ ಮನೆಗೆ ತಾಗದಂತೆ ಕಣದ ಕಡೆ ಒಟ್ಟುವುದೂ ಅದೇ ಜಾಣತನ. ಇಂದು ಜಾಗದ ಕೊರತೆಯಿಂದ ಮೆದೆ ಕೊಟ್ಟಿಗೆಯ ಗೋಡೆಗೇ ಬಂದಿದೆ. ಅದರ ನೆತ್ತಿಯ ಮೇಲೇ ವಿದ್ಯುತ್ ತಂತಿ ಹಾದುಹೋಗಿರುವುದೂ ಉಂಟು.

ಅರಮನೆ ಕಲಿತ ಪಾಠ

ಬೆಂಕಿಗೆ ಬಡವರ ಗುಡಿಸಲು, ದೊರೆಯ ಅರಮನೆ ಎಂಬ ಭೇದವಿಲ್ಲ ಎನ್ನಲು ಮೈಸೂರಿಗಿಂತ ದೊಡ್ಡ ಸಾಕ್ಷಿ ಬೇಡ. ನಾವೀಗ ದಸರೆಯಲ್ಲಿ ನೋಡುವ ಅರಮನೆಗೆ ಮುಂಚೆ ಅದೇ ಕೋಟೆಯೊಳಗೆ ಮರದ ಅರಮನೆಯೊಂದಿತ್ತು. ಟಿಪ್ಪು ಸುಲ್ತಾನ್ ಪತನದ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ್ ಪಟ್ಟಕ್ಕೆ ಬಂದ ಮೊದಲ ವರ್ಷಗಳಲ್ಲಿ ಕಟ್ಟಿದ್ದು. 1897ರಲ್ಲಿ, ಚಾಮರಾಜ ಒಡೆಯರ್ ಅವರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿ ಅವರ ಮದುವೆಯ ಸಂಭ್ರಮದ ಹೊತ್ತಿನಲ್ಲೇ ಅದಕ್ಕೆ ಬೆಂಕಿ ಬಿತ್ತು. ತಂದೆ 1894ರಲ್ಲೇ ತೀರಿಕೊಂಡಿದ್ದರು. ನಾಲ್ವಡಿಯವರು ಇನ್ನೂ ಹುಡುಗ. ರಾಜ್ಯದ ಹೊಣೆ ಹೊತ್ತಿದ್ದವರು ತಾಯಿ, ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿ.

ಮದುವೆ ಮನೆ ಎಂದರೆ ದೀಪ, ಚಪ್ಪರ, ದೊಡ್ಡ ಒಲೆ, ಜನ. ಅರಮನೆಯಾದರೂ ಅಷ್ಟೆ, ನಮ್ಮ ಬೀದಿಯಾದರೂ ಅಷ್ಟೆ. ಒಣಗಿದ ಮರದ ಕಂಬ, ತೊಲೆ, ಅಟ್ಟಗಳ ಮನೆಗೆ ಬೆಂಕಿ ತಗುಲಿದ ಮೇಲೆ ನಿಲ್ಲಿಸುವುದು ಕಷ್ಟ. ರಾಜಮನೆತನ ಜಗನ್ಮೋಹನ ಅರಮನೆಗೆ ಹೋಯಿತು. ಮಹಾರಾಣಿಯವರು ಹೊಸ ಅರಮನೆಯ ಕೆಲಸವನ್ನು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ವಹಿಸಿದರು. 1912ರಲ್ಲಿ ಮುಗಿದ ಕಟ್ಟಡಕ್ಕೆ ಆದ ಖರ್ಚು 41,47,913 ರೂಪಾಯಿ ಎಂದು ದಾಖಲೆ ಹೇಳುತ್ತದೆ. ಈ ಸಲ ಭಾರ ಹೊತ್ತದ್ದು ಮರವಲ್ಲ, ಕಲ್ಲು, ಇಟ್ಟಿಗೆ, ಕಬ್ಬಿಣ. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದವು. ಮದುವೆಯ ಹೊತ್ತಿನಲ್ಲಿ ಸುಟ್ಟ ಮನೆಯ ಜಾಗದಲ್ಲಿ ಮದುವೆಗೆಂದೇ ಕಬ್ಬಿಣದ ಮಂಟಪ ಎದ್ದಿತು. ಪ್ರವಾಸಿಗರು ಅದರ ಬಣ್ಣದ ಗಾಜನ್ನು ನೋಡಿ ಬರುತ್ತಾರೆ. ಕಂಬಗಳನ್ನೂ ಒಮ್ಮೆ ನೋಡಿ.

ಅರಮನೆ ಒಂದೇ ಬೆಂಕಿಗೆ ಪಾಠ ಕಲಿತು ಮನೆಯ ಸಾಮಗ್ರಿಯನ್ನೇ ಬದಲಿಸಿತು. ಬದಲಿಸಲು ಹಣವಿತ್ತು. ಹಳ್ಳಿಗೆ ಅದೇ ಪಾಠ ಬರಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು.

ಹೆಂಚು ಬಂತು, ತಾರಸಿ ಬಂತು

ಕುಂಬಾರರ ನಾಡಹೆಂಚು ಮೊದಲಿಂದಲೂ ಇತ್ತು. ಆದರೆ ಅದು ಉಳ್ಳವರ ತೊಟ್ಟಿಮನೆಯ ಸೂರು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿ ನಮ್ಮ ಕಡೆಗೂ ಬಂತು. ಹುಲ್ಲಿನ ಸೂರು ಉಳಿದುಕೊಂಡದ್ದು ಊರ ಅಂಚಿನಲ್ಲಿ, ಪರಿಶಿಷ್ಟರ ಕೇರಿಗಳಲ್ಲಿ, ಕಾಡಂಚಿನ ಹಾಡಿಗಳಲ್ಲಿ. ಬೆಂಕಿಯ ಸುದ್ದಿಗಳಲ್ಲಿ ಆ ವಿಳಾಸಗಳೇ ಮತ್ತೆ ಮತ್ತೆ ಬರುತ್ತಿದ್ದುದಕ್ಕೆ ಕಾರಣ ಅಲ್ಲಿನವರ ಅಜಾಗರೂಕತೆ ಅಲ್ಲ, ಸೂರು.

ಆ ಸೂರು ಬದಲಾಗತೊಡಗಿದ್ದು ಎಪ್ಪತ್ತರ ದಶಕದಿಂದ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಕಾಲದ ಜನತಾ ಮನೆಗಳಿಂದ ಶುರುವಾಗಿ, ಆಮೇಲಿನ ಒಂದೊಂದು ಸರ್ಕಾರದ ಒಂದೊಂದು ಹೆಸರಿನ ಯೋಜನೆಯವರೆಗೆ. ಇವನ್ನು ನಾವು ವಸತಿ ಯೋಜನೆ ಎಂದು ಬರೆಯುತ್ತೇವೆ. ಅಗ್ನಿ ಸುರಕ್ಷತೆಯ ಯೋಜನೆ ಎಂದೂ ಬರೆಯಬಹುದು. ಕೇರಿಗೆ ಕೇರಿಯೇ ಸುಡುವ ಬೆಂಕಿ ಕಡಿಮೆಯಾಗಿದ್ದರೆ ಅದರಲ್ಲಿ ಈ ಮನೆಗಳ ಪಾಲು ದೊಡ್ಡದು.

ಆದರೆ ತಾರಸಿ ಮನೆ ಇನ್ನೊಂದು ಅಪಾಯ ತಂದಿತು. ಹೆಂಚಿನ ಸಂದಿ, ಬೆಳಕಿಂಡಿಗಳಿಂದ ಹೊಗೆ ಹೊರಗೆ ಹೋಗುತ್ತಿತ್ತು. ತಾರಸಿಯಲ್ಲಿ ಹೋಗಲು ದಾರಿಯಿಲ್ಲ. ಕಿಟಕಿಗೆ ಕಳ್ಳರ ಭಯಕ್ಕೆ ಕಬ್ಬಿಣದ ಗ್ರಿಲ್, ಸೊಳ್ಳೆ ಭಯಕ್ಕೆ ಸದಾ ಮುಚ್ಚಿದ ಬಾಗಿಲು. ಒಳಗಿನ ವಸ್ತುಗಳೂ ಬದಲಾದವು. ಚಾಪೆ, ಕಂಬಳಿ ಹೋಗಿ ಫೋಮ್ ಹಾಸಿಗೆ, ಪ್ಲಾಸ್ಟಿಕ್ ಕುರ್ಚಿ ಬಂದವು. ಇವು ಉರಿದಾಗ ಏಳುವ ಕರಿ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜತೆಗೆ ಸಯನೈಡ್ ಅನಿಲವೂ ಇರುತ್ತದೆ. ವೈರಿಂಗ್ ಕತೆಯೂ ಹೀಗೆಯೇ. ಭಾಗ್ಯಜ್ಯೋತಿ ಬಡವರ ಮನೆಗೆ ಕೊಟ್ಟದ್ದು ಒಂದು ಬಲ್ಬಿನ ಸಂಪರ್ಕ. ಅದೇ ತಂತಿಗೆ ಕಾಲಕಾಲಕ್ಕೆ ಟಿ.ವಿ., ಮಿಕ್ಸಿ, ಮೊಬೈಲ್ ಚಾರ್ಜರ್, ನೀರು ಕಾಯಿಸುವ ರಾಡ್ ಸೇರಿಕೊಂಡವು. ತಂತಿ ಬಿಸಿಯಾಗುತ್ತದೆ, ಸಿಪ್ಪೆ ಕರಗುತ್ತದೆ. ನಾವು ‘ಶಾರ್ಟ್ ಸರ್ಕ್ಯೂಟ್’ ಎಂದು ಎರಡು ಪದದಲ್ಲಿ ಮುಗಿಸುವ ಕಾರಣದ ಹಿಂದೆ ಎಷ್ಟೋ ಸಲ ಇಷ್ಟುದ್ದದ ಇತಿಹಾಸವಿರುತ್ತದೆ.

ತಮಟೆ ನಿಂತ ಮೇಲೆ

ಹಳೆಯ ಊರಿಗೆ ಬೆಂಕಿಯ ಎಚ್ಚರಿಕೆ ಕೊಡುತ್ತಿದ್ದದ್ದು ಮನುಷ್ಯ. ತಳವಾರ, ತೋಟಿ ಮುಂತಾದ ಊರ ಸೇವಕರಿದ್ದರು. ರಾತ್ರಿ ಕಾಯುವುದು, ತಮಟೆ ಬಡಿದು ಸಾರುವುದು ಅವರ ಪಾಲಿನ ಕೆಲಸ. ಈ ಕೆಲಸ ಜಾತಿಯಿಂದ, ವಂಶದಿಂದ ಬರುತ್ತಿತ್ತು, ಬೇಡ ಎನ್ನಲು ಬರುತ್ತಿರಲಿಲ್ಲ. ಇಡೀ ಊರಿಗೆ ಎಚ್ಚರ ಹೇಳುವವನ ಸ್ವಂತ ಮನೆ ಎಷ್ಟೋ ಊರುಗಳಲ್ಲಿ ಅಂಚಿನ ಹುಲ್ಲಿನ ಗುಡಿಸಲು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಈ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ತೆಗೆದದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ.

ಆದರೆ ರಾತ್ರಿ ಎಬ್ಬಿಸುವ ಕೆಲಸವನ್ನು ಮುಂದೆ ಯಾರು ಮಾಡಬೇಕೆಂದು ಯಾರೂ ಯೋಚಿಸಲಿಲ್ಲ. 1964ರಲ್ಲಿ ಅಗ್ನಿಶಾಮಕ ದಳದ ಕಾಯ್ದೆ ಬಂತು, ಪಟ್ಟಣಗಳಲ್ಲಿ ಠಾಣೆಗಳಾದವು, 101 ಎಂಬ ಸಂಖ್ಯೆ ಬಂತು. ಈಗ 112ಕ್ಕೆ ಕರೆ ಮಾಡಿದರೂ ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಮೂರೂ ಸಿಗುತ್ತವೆ. ಆದರೆ ಕರೆ ಮಾಡಬೇಕಾದರೆ ಮೊದಲು ಎಚ್ಚರವಾಗಬೇಕಲ್ಲ?

ಬ್ಯಾರನ್ ಕಾಯುವ ರಾತ್ರಿಗಳು

ಬೆಂಕಿಯ ಪಕ್ಕದಲ್ಲಿ ರಾತ್ರಿಯಿಡೀ ಎಚ್ಚರವಿರುವ ಜನ ನಮ್ಮ ಸೀಮೆಯಲ್ಲಿ ಈಗಲೂ ಇದ್ದಾರೆ. ಅವರು ಹೊಗೆಸೊಪ್ಪು ಹದ ಮಾಡುವವರು. ವರ್ಜೀನಿಯಾ ತಂಬಾಕು ಈ ನಾಲ್ಕು ತಾಲ್ಲೂಕಿನ ಕೆಂಪು ಮಣ್ಣಿಗೆ ಒಗ್ಗಿದ ಬೆಳೆ. 1976ರ ಜನವರಿ 1ರಂದು ತಂಬಾಕು ಮಂಡಳಿ ಸ್ಥಾಪನೆಯಾಯಿತು. ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ, ಕಂಪಲಾಪುರ, ಎಚ್.ಡಿ. ಕೋಟೆಯ ಹರಾಜು ಮಾರುಕಟ್ಟೆಗಳು ನಮ್ಮ ಊರುಗಳ ವರ್ಷದ ಲೆಕ್ಕವನ್ನು ನಿರ್ಧರಿಸತೊಡಗಿದವು.

ಬ್ಯಾರನ್ ಎಂದರೆ ಎತ್ತರದ, ಕಿಟಕಿಯಿಲ್ಲದ ಕೋಣೆ. ಒಲೆಯ ಬಾಯಿ ಹೊರಗೆ. ಒಳಗೆ ನೆಲದ ಮೇಲೆ ಕಬ್ಬಿಣದ ತಗಡಿನ ಕೊಳವೆಗಳು, ಅದರ ಮೇಲೆ ಅಂತಸ್ತು ಅಂತಸ್ತಾಗಿ ಕಡ್ಡಿಗೆ ಪೋಣಿಸಿದ ಸೊಪ್ಪು. ಐದಾರು ದಿನ ಸೌದೆ ಉರಿಸಿ ಶಾಖವನ್ನು ಹಂತ ಹಂತವಾಗಿ ಏರಿಸಬೇಕು. ಎಲೆ ಹಳದಿಯಾಗುವಾಗ ಮೂವತ್ತರ ಮೇಲಿನ ಡಿಗ್ರಿ, ಕೊನೆಗೆ ನಡುದಿಂಡು ಒಣಗುವಾಗ ಎಪ್ಪತ್ತು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅಪಾಯ ಹೆಚ್ಚುವುದು ಈ ಕೊನೆಯ ಹಂತದಲ್ಲಿ. ಎಲೆ ಗರಿಗರಿಯಾಗಿರುತ್ತದೆ. ಒಂದು ಎಲೆ ಕಳಚಿ ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು. ಅದಕ್ಕೇ ಕೊಳವೆಯ ಮೇಲೆ, ಕೆಳಗಿನ ಅಂತಸ್ತಿನ ಅಡಿಯಲ್ಲಿ ತಂತಿ ಬಲೆ ಕಟ್ಟುತ್ತಾರೆ. ಬೀಳುವ ಎಲೆ ಬಲೆಯಲ್ಲೇ ನಿಲ್ಲುತ್ತದೆ.

ಬ್ಯಾರನ್‌ಗೆ ಬೆಂಕಿ ಹತ್ತಿದಾಗ ಕೈ ತಾನಾಗಿ ಬಾಗಿಲಿಗೆ ಹೋಗುತ್ತದೆ, ಸೊಪ್ಪು ಎಳೆದು ಉಳಿಸೋಣ ಎಂದು. ಅದೇ ದೊಡ್ಡ ತಪ್ಪು. ಬಾಗಿಲು ತೆರೆದ ಕೂಡಲೇ ಒಳಕ್ಕೆ ಗಾಳಿ ನುಗ್ಗುತ್ತದೆ, ಬೆಂಕಿ ಎದುರಿಗೇ ಹೊರಬೀಳುತ್ತದೆ. ಬಾಗಿಲು ಮುಚ್ಚಿಯೇ ಇರಬೇಕು. ಕೈಗೆಟುಕಿದರೆ ಗಾಳಿಕಿಂಡಿಗಳನ್ನು ಮುಚ್ಚಬೇಕು, ಒಲೆಯ ಸೌದೆಯನ್ನು ಹೊರಗೆಳೆಯಬೇಕು. ಸುತ್ತಲಿನ ಮೆದೆ, ಕೊಟ್ಟಿಗೆಗೆ ನೀರು ಹಾಕಬೇಕು. ಹಗ್ಗ ಕೊಯ್ದು ದನಗಳನ್ನು ಬಿಡಬೇಕು. ಇದಕ್ಕೆಂದೇ ಕೊಟ್ಟಿಗೆಯ ಬಾಗಿಲಲ್ಲಿ ಒಂದು ಕುಡುಗೋಲು ಸಿಕ್ಕಿಸಿಡುವುದು ಒಳ್ಳೆಯದು. ಒಂದು ಬ್ಯಾರನ್ ಸೊಪ್ಪು ಎಂದರೆ ಸಾಲ, ಮಗಳ ಫೀಸು, ಮದುವೆ ಎಲ್ಲವೂ ಹೌದು. ಆದರೆ ಒಳಗೆ ಹೋದವರು ಹೊರಗೆ ಬರದಿದ್ದರೆ ಆ ಲೆಕ್ಕವನ್ನು ಯಾವ ಹರಾಜೂ ತೀರಿಸುವುದಿಲ್ಲ.

‘ಬಾಗಿಲು ಮುಚ್ಚು’ ಎಂಬ ಬ್ಯಾರನ್‌ನ ಈ ಪಾಠ ವಾಸದ ಮನೆಗೂ ಸಲ್ಲುತ್ತದೆ. ಬೆಂಕಿ ಬಿದ್ದ ಕೋಣೆಯಿಂದ ಎಲ್ಲರೂ ಹೊರಬಂದ ಮೇಲೆ ಬಾಗಿಲು ಎಳೆದುಕೊಂಡರೆ ಹೊಗೆ, ಉರಿ ಎರಡೂ ನಿಧಾನವಾಗುತ್ತವೆ.

ಕೊಲ್ಲುವುದು ಹೊಗೆ

1989ರ ಫೆಬ್ರುವರಿ 8. ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿತ್ತು. ಬೆಂಕಿಗೆ 62 ಮಂದಿ ಬಲಿಯಾದರು. ನಾಯಕ ನಟ ಸಂಜಯ್ ಖಾನ್ ತೀವ್ರ ಸುಟ್ಟಗಾಯಗಳೊಂದಿಗೆ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಸಡಿಲ ವೈರಿಂಗ್, ಗಾಳಿಯಾಡದ ಒಳಾಂಗಣ, ಗೋಡೆಗೆ ಹೊದಿಸಿದ್ದ ಗೋಣಿತಾಟು, ಬಿಸಿ ಕಾರುವ ದೊಡ್ಡ ದೀಪಗಳು: ಕಾರಣಗಳ ಈ ಪಟ್ಟಿಯಲ್ಲಿ ನಮ್ಮ ಮದುವೆ ಚಪ್ಪರಗಳಲ್ಲಿ ಇಲ್ಲದ್ದು ಯಾವುದು?

ಬೆಂಗಳೂರಿನ ಎರಡು ದುರಂತಗಳನ್ನೂ ಇಲ್ಲಿ ನೆನೆಯಬೇಕು. 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್‌ನ ಡೇರೆ ಹೊತ್ತಿ 92 ಜನ ಸತ್ತರು, ಹೆಚ್ಚಿನವರು ಮಕ್ಕಳು. 2010ರ ಫೆಬ್ರುವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ. ಅಲ್ಲಿ ವಿದ್ಯುತ್ ತಂತಿಗಳ ಕೊಳವೆದಾರಿಯಿಂದ ಹೊಗೆ ಮೇಲಿನ ಮಹಡಿಗಳಿಗೆ ತುಂಬಿಕೊಂಡಿತು. ಜನ ಗಾಜು ಒಡೆದರು, ಕೆಲವರು ಜಿಗಿದರು. ಅವರನ್ನು ಅಟ್ಟಿದ್ದು ಉರಿಯಲ್ಲ, ಹೊಗೆ. ಮೂರೂ ಫೆಬ್ರುವರಿಯಲ್ಲೇ ನಡೆದದ್ದು ಕಾಕತಾಳೀಯ ಇರಬಹುದು. ಆದರೂ ನಮ್ಮ ಕಡೆ ಎಲೆ ಉದುರಿ, ಹುಲ್ಲು ಒಣಗಿ, ಗಾಳಿ ಬೀಸುವ ತಿಂಗಳು ಅದೇ ಎಂಬುದು ನೆನಪಿರಲಿ.

ಕೂಗುವ ಯಂತ್ರ

ಮಲಗಿರುವವರನ್ನು ಹೊಗೆಯ ವಾಸನೆ ಎಬ್ಬಿಸುತ್ತದೆ ಎಂದು ನಂಬಬೇಡಿ. ನಿದ್ದೆಯಲ್ಲಿ ಮೂಗು ಕೆಲಸ ಮಾಡುವುದು ಕಡಿಮೆ, ಕಿವಿ ಕೆಲಸ ಮಾಡುತ್ತದೆ. ಹೊಗೆ ಪತ್ತೆ ಹಚ್ಚಿ ಕೂಗುವ ಅಲಾರಂ ಹುಟ್ಟಿದ್ದಕ್ಕೆ ಒಂದು ಕತೆಯಿದೆ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಯೇಗರ್ ಎಂಬ ವಿಜ್ಞಾನಿ ವಿಷಾನಿಲ ಕಂಡುಹಿಡಿಯುವ ಯಂತ್ರಕ್ಕೆ ಪ್ರಯತ್ನಿಸುತ್ತಿದ್ದ. ಅನಿಲಕ್ಕೆ ಯಂತ್ರ ಜಗ್ಗಲಿಲ್ಲ. ಬೇಸತ್ತು ಸಿಗರೇಟು ಹಚ್ಚಿದಾಗ ಅದರ ಹೊಗೆಗೆ ಮುಳ್ಳು ಅಲ್ಲಾಡಿತಂತೆ. ಹೊಗೆಸೊಪ್ಪು ಬೆಳೆಯುವ ನಾವು ಈ ಕತೆಯನ್ನು ಮರೆಯಬಾರದು! ಬ್ಯಾಟರಿಯಲ್ಲಿ ನಡೆಯುವ, ಮನೆಗೆ ಸಲ್ಲುವ ಯಂತ್ರ ಅಮೆರಿಕದಲ್ಲಿ ಬಂದದ್ದು 1960ರ ದಶಕದಲ್ಲಿ. ಕೆಲಸ ಮಾಡುವ ಅಲಾರಂ ಇರುವ ಮನೆಗಳ ಬೆಂಕಿಯಲ್ಲಿ ಸಾವಿನ ಪ್ರಮಾಣ ಇಲ್ಲದ ಮನೆಗಳಿಗಿಂತ ಅರ್ಧಕ್ಕೂ ಕಡಿಮೆ ಎಂದು ಅಲ್ಲಿನ ಎನ್‌ಎಫ್‌ಪಿಎ ಸಂಸ್ಥೆಯ ಲೆಕ್ಕ ಹೇಳುತ್ತದೆ.

ಅಲ್ಲಿರುವ ಕನ್ನಡದ ಮನೆಗಳಲ್ಲಿ ಇದೊಂದು ತಮಾಷೆಯ ವಸ್ತು: ಒಗ್ಗರಣೆ ಹಾಕಿದರೆ ಕೂಗುತ್ತದೆ, ಯಾರಾದರೂ ಟವೆಲ್ ಬೀಸುತ್ತಾ ನಿಲ್ಲಬೇಕು. ನಮ್ಮ ಸೌದೆ ಒಲೆಯ ಅಡುಗೆಮನೆಯಲ್ಲಿ ಇಟ್ಟರೆ ದಿನವಿಡೀ ಕೂಗುತ್ತದೆ. ಅದರ ಜಾಗ ಅಡುಗೆಮನೆಯಲ್ಲ. ಮಲಗುವ ಕೋಣೆ ಅಥವಾ ನಡುಮನೆಯ ಸೂರಿನಲ್ಲಿ ಇರಬೇಕು, ಏಕೆಂದರೆ ಹೊಗೆ ಮೊದಲು ಮೇಲಕ್ಕೇ ಹೋಗುತ್ತದೆ. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಬೇಕು. ಗಲಾಟೆ ಎಂದು ಬ್ಯಾಟರಿ ಕಿತ್ತರೆ ಗೋಡೆಗೊಂದು ಅಲಂಕಾರ ಅಷ್ಟೆ.

ಕೂಗಿದ ಮೇಲೆ

ಯಂತ್ರ ಕೂಗಲಿ, ಪಕ್ಕದ ಮನೆಯವರು ಕೂಗಲಿ, ಮಾಡಬೇಕಾದ್ದು ಒಂದೇ.

ಮೊದಲು ಎಲ್ಲರನ್ನೂ ಎಬ್ಬಿಸಿ. ಮಕ್ಕಳು ಹೆದರಿ ಮಂಚದಡಿ ಅಡಗುತ್ತಾರೆ, ಹುಡುಕಿ. ಅಜ್ಜಿ ತಾತನನ್ನು ಯಾರು ಕರೆತರಬೇಕು ಎಂಬುದು ಮೊದಲೇ ಗೊತ್ತಿರಲಿ. ಹೊಗೆ ತುಂಬಿದ್ದರೆ ನಿಂತು ನಡೆಯಬೇಡಿ, ಅಂಬೆಗಾಲಲ್ಲಿ ಹೊರಡಿ, ಉಸಿರಾಡಲು ಬರುವ ಗಾಳಿ ನೆಲದ ಹತ್ತಿರ ಇರುತ್ತದೆ. ಮುಚ್ಚಿದ ಬಾಗಿಲನ್ನು ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ. ಬಿಸಿಯಿದ್ದರೆ ತೆರೆಯದೆ ಬೇರೆ ದಾರಿ ಹಿಡಿಯಿರಿ. ದಾರಿಯೇ ಇಲ್ಲದಿದ್ದರೆ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಲ್ಲಿ ಬಟ್ಟೆ ಬೀಸಿ ಕೂಗಿ.

ಹೊರಗೆ ಬಂದ ಮೇಲೆ 112 ಅಥವಾ 101ಕ್ಕೆ ಕರೆ ಮಾಡಿ. ಊರು, ಹೋಬಳಿ, ಹತ್ತಿರದ ಗುಡಿ ಅಥವಾ ಶಾಲೆ ಹೇಳಿ. ಮುಖ್ಯರಸ್ತೆಗೆ ಒಬ್ಬರನ್ನು ಬ್ಯಾಟರಿ ಹಿಡಿದು ನಿಲ್ಲಿಸಿ. ಮತ್ತೆ ಒಳಗೆ ಹೋಗಬೇಡಿ. ಪಹಣಿ ನಾಡಕಚೇರಿಯಲ್ಲಿ ಮತ್ತೆ ಸಿಗುತ್ತದೆ, ಆಧಾರ್ ಸಿಗುತ್ತದೆ. ಒಡವೆಗೆಂದು ಹೋದವರು ಸಿಗದಿರಬಹುದು.

ಬಾಣಲೆಯ ಎಣ್ಣೆ ಹತ್ತಿದರೆ ನೀರು ಹಾಕಬಾರದು, ತಟ್ಟೆ ಮುಚ್ಚಿ ಒಲೆ ಆರಿಸಿ. ವಿದ್ಯುತ್ ಬೆಂಕಿಗೂ ನೀರು ಸಲ್ಲದು, ಕೈಗೆಟುಕಿದರೆ ಮೇನ್ ಸ್ವಿಚ್ ತೆಗೆಯಿರಿ. ಗ್ಯಾಸ್ ವಾಸನೆ ಬಂದರೆ ಲೈಟಿನ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಮೈಮೇಲಿನ ಬಟ್ಟೆಗೆ ಹತ್ತಿದರೆ ಓಡಬಾರದು, ನೆಲಕ್ಕೆ ಬಿದ್ದು ಹೊರಳಬೇಕು, ಇಲ್ಲವೇ ಕಂಬಳಿ ಸುತ್ತಬೇಕು. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಬಿಟ್ಟು ಆಸ್ಪತ್ರೆಗೆ ಹೋಗಿ. ಟೂತ್‌ಪೇಸ್ಟ್, ಇಂಕು, ಬೆಣ್ಣೆ ಯಾವುದೂ ಬೇಡ.

ಪಂಚಾಯಿತಿ ಮಾಡಬಹುದಾದ್ದು

1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಿಸಿ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರ ನೆನಪಿಗೆ ದೇಶದಲ್ಲೆಲ್ಲ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ನಮ್ಮ ಸರ್ಕಾರಿ ಶಾಲೆಗಳಿಗೆ ಆಗ ಬೇಸಿಗೆ ರಜೆ. ಮಕ್ಕಳೇ ಇಲ್ಲದ ಶಾಲೆಯಲ್ಲಿ ಪ್ರಾತ್ಯಕ್ಷಿಕೆ ಯಾರಿಗೆ?

ಹೋಬಳಿಯ ಪಂಚಾಯಿತಿಗಳು ಇದನ್ನು ಎರಡು ಸಲ ಕೇಳಿ ಮಾಡಿಸಬಹುದು. ಒಮ್ಮೆ ಫೆಬ್ರುವರಿಯಲ್ಲಿ ಮೆದೆಗಳು ಒಣಗಿರುವಾಗ ಶಾಲೆಯಲ್ಲಿ, ಇನ್ನೊಮ್ಮೆ ಬ್ಯಾರನ್ ಹಚ್ಚುವ ಮುಂಚೆ ಜೂನ್ ಕೊನೆಗೆ ಗ್ರಾಮಸಭೆಯಲ್ಲಿ. ಮಿನಿ ಟ್ಯಾಂಕ್‌ಗಳಿಗೆ ಪೈಪ್ ಸಿಕ್ಕಿಸುವ ದಪ್ಪ ನಲ್ಲಿ ಹಾಕಿಸಬಹುದು. ಯಾರ ಟ್ರ್ಯಾಕ್ಟರ್‌ಗೆ ನೀರಿನ ಟ್ಯಾಂಕರ್ ಇದೆ ಎಂಬ ಪಟ್ಟಿಯನ್ನು ಫೋನ್ ನಂಬರ್ ಸಮೇತ ಪಂಚಾಯಿತಿ ಗೋಡೆಗೆ ಬರೆಸಬಹುದು. ಭಾಗ್ಯಜ್ಯೋತಿ ಕಾಲದ ವೈರಿಂಗ್ ಇರುವ ಮನೆಗಳನ್ನು ಲೈನ್‌ಮನ್ ಜತೆ ಹೋಗಿ ಗುರುತಿಸಬಹುದು. ಇವಕ್ಕೆ ಅರಮನೆಯ ಖಜಾನೆ ಬೇಕಿಲ್ಲ.

ಮುಂದಿನ ಗ್ರಾಮಸಭೆಯ ನೋಟಿಸ್ ಬಂದಾಗ ಈ ನಾಲ್ಕರಲ್ಲಿ ಒಂದನ್ನಾದರೂ ಎದ್ದು ಕೇಳಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿ ನೋಡಿ, ಆಮೇಲೆ ಸಹಿ ಹಾಕಿ.